ಹಸಿರು ಅಕ್ಷರದಲ್ಲಿ ನನ್ನ ಹೆಸರು

ಇದ್ದದ್ದು ಇದ್ದ ಹಾಗೆ ಇರಲಿ ಎಂದು ಬಿಡುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಹೋಟೆಲಿನಲ್ಲಿ ಕೂತರೆ ಉಪ್ಪಿನ ಡಬ್ಬಿಯನ್ನು ಮೆಣಸಿನ ಡಬ್ಬಿಯ ಪಕ್ಕಕ್ಕೆ ಎಳೆದು ಎರಡನ್ನೂ ಒಂದೇ ಸಾಲಿಗೆ ತರುವವರೆಗೆ ದೋಸೆ ಗಂಟಲಲ್ಲಿ ಇಳಿಯುವುದಿಲ್ಲ. ಬೇರೆಯವರ ಮನೆಯಲ್ಲಿ ಗೋಡೆಯ ಫೋಟೋ ಸೊಟ್ಟಗಿದ್ದರೆ ಅವರು ಕಾಫಿ ತರಲು ಒಳಗೆ ಹೋದ ಹೊತ್ತಿನಲ್ಲಿ ಎದ್ದು ನೇರ ಮಾಡಿರುತ್ತೇನೆ; ಒಮ್ಮೆ ಹಾಗೆ ಮಾಡಲು ಹೋಗಿ ಆ ಮನೆಯ ಯಜಮಾನರ ತಂದೆಯವರನ್ನು ಮೊಳೆಸಮೇತ ಕೆಳಗಿಳಿಸಿದ್ದೇನೆ. ಈ ಗುಣವನ್ನು ನಾನು ಅಚ್ಚುಕಟ್ಟುತನ ಎಂದು ಕರೆದುಕೊಳ್ಳುತ್ತೇನೆ. ನನ್ನ ಹೆಂಡತಿ ವಸುಧಾ ಇದಕ್ಕೆ ಇಟ್ಟಿರುವ ಹೆಸರು ಬೇರೆ. ಅವಳು ಉಡುಪಿಯ ಕಡೆಯವಳು, ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸುತ್ತಾಳೆ. ಮನುಷ್ಯನಲ್ಲಿ ಯಾವುದಕ್ಕೆ ಯಾವ ಹೆಸರು ಎಂಬುದರಲ್ಲಿ ಅವಳೊಡನೆ ವಾದ ಮಾಡಿ ಪ್ರಯೋಜನವಿಲ್ಲ.

ಈ ಅಚ್ಚುಕಟ್ಟುತನ ಒಂದು ಸಲ ಒಬ್ಬರ ಕೆಲಸಕ್ಕೇ ಸಂಚಕಾರ ತರುವಷ್ಟು ದೂರ ಹೋಯಿತು. ಅದನ್ನು ಇಷ್ಟು ದಿನ ಯಾರ ಹತ್ತಿರವೂ ಪೂರ್ತಿಯಾಗಿ ಹೇಳಿಲ್ಲ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಹೇಳಿಬಿಡುತ್ತೇನೆ.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ನಾವಿರುವ ಮಲೇಷ್ಯಾ ಬಾಗಿಲು ಹಾಕಿಕೊಂಡಿತು. ಸರ್ಕಾರ ಹೊರಡಿಸಿದ ಓಡಾಟ ನಿಯಂತ್ರಣದ ಆದೇಶವನ್ನು ಎಲ್ಲರೂ ಎಂ.ಸಿ.ಓ. ಎಂದು ಕರೆಯುತ್ತಿದ್ದರು. ಮನೆಗೊಬ್ಬರು ಮಾತ್ರ ಸಾಮಾನಿಗೆ ಹೋಗಬಹುದು, ಅದೂ ಹತ್ತು ಕಿಲೋಮೀಟರಿನೊಳಗೆ. ಪೆಟಾಲಿಂಗ್ ಜಯಾದ ನಮ್ಮ ಕಾಂಡೋ ಫ್ಲಾಟಿನಿಂದ, ನಮ್ಮ ಕಡೆಯ ಸಾಮಾನು ಸಿಗುವ ಬ್ರಿಕ್‌ಫೀಲ್ಡ್ಸ್‌ನ ಅಂಗಡಿ ಬೀದಿ ಈ ಹತ್ತರ ಆಚೆಗೋ ಈಚೆಗೋ ಎಂದು ನಕ್ಷೆಯ ಮೇಲೆ ದಾರ ಇಟ್ಟು ಅಳೆದಿದ್ದೆ; ತೊಗರಿಬೇಳೆಯ ಭವಿಷ್ಯ ಅದರ ಮೇಲೆ ನಿಂತಿತ್ತು. ಸೈಬರ್‌ಜಯಾದ ಆಫೀಸಿಗೆ ದಿನಾ ಮುಕ್ಕಾಲು ಗಂಟೆ ಕಾರು ಓಡಿಸುತ್ತಿದ್ದ ನಾನು ಈಗ ಮಲಗುವ ಕೋಣೆಯಿಂದ ಊಟದ ಮೇಜಿಗೆ ಒಂಬತ್ತು ಹೆಜ್ಜೆ ನಡೆದು ಕೆಲಸಕ್ಕೆ ಹಾಜರಾಗುತ್ತಿದ್ದೆ. ಮೇಜಿನ ಒಂದು ತುದಿ ನನ್ನದು. ಇನ್ನೊಂದು ತುದಿಯಲ್ಲಿ ವಸುಧಾ ಒಂದು ಪ್ಲಾಸ್ಟಿಕ್ ತಲೆಬುರುಡೆ ಇಟ್ಟುಕೊಂಡು ಆನ್‌ಲೈನ್ ಪಾಠ ಮಾಡುತ್ತಿದ್ದಳು. ಪಾಠವಿಲ್ಲದ ಹೊತ್ತಿನಲ್ಲಿ ಬುರುಡೆಯನ್ನು ನನ್ನ ಕಡೆಗೆ ತಿರುಗಿಸಿ ಇಡುತ್ತಿದ್ದಳು. ಮೇಲ್ವಿಚಾರಣೆಗೆ ಯಾರಾದರೂ ಇರಲಿ ಎಂದು.

ನಮ್ಮ ಕಂಪನಿ ಲಿಫ್ಟುಗಳಿಗೆ ತಂತ್ರಾಂಶ ಬರೆಯುತ್ತದೆ. ತಂಡದಲ್ಲಿ ಐದು ಜನ. ಹೆನ್ರಿ ಎಂಬ ಸೌಮ್ಯ ಸ್ವಭಾವದ ಚೀನೀ ಮೂಲದ ಮ್ಯಾನೇಜರ್, ಗಿರಾಕಿಗಳ ಜತೆ ಮಾತಾಡುವವರು ಇಬ್ಬರು, ನಿಜವಾಗಿ ಕೋಡ್ ಬರೆಯುವವರು ಇಬ್ಬರು: ನಾನು ಮತ್ತು ಹುಬ್ಬಳ್ಳಿಯ ಸವಿತಾ. ಸವಿತಾ ಅವರು ನನಗಿಂತ ನಾಲ್ಕು ವರ್ಷ ಚಿಕ್ಕವರು, ನನಗಿಂತ ಎರಡರಷ್ಟು ಚುರುಕು, ಮಾತು ನನ್ನ ಅರ್ಧ. ಆರು ವರ್ಷದ ಮಗಳೊಡನೆ ಸೈಬರ್‌ಜಯಾದಲ್ಲಿದ್ದರು. ಗಂಡನ ಕೆಲಸ ಸಿಂಗಪುರದಲ್ಲಿ. ಪ್ರತಿ ಶುಕ್ರವಾರ ಬರುತ್ತಿದ್ದ ಮನುಷ್ಯ ಗಡಿ ಮುಚ್ಚಿದ್ದರಿಂದ ಅಲ್ಲೇ ಉಳಿದುಬಿಟ್ಟಿದ್ದ. ಆ ದಿನಗಳಲ್ಲಿ ಅವರು ಬರೆಯುತ್ತಿದ್ದದ್ದು ಕೊರೋನಾಕ್ಕಾಗಿಯೇ ಹುಟ್ಟಿಕೊಂಡ ಹೊಸ ಸೌಲಭ್ಯ: ಲಿಫ್ಟಿನಲ್ಲಿ ಏಕಕಾಲಕ್ಕೆ ನಾಲ್ಕು ಜನಕ್ಕಿಂತ ಹೆಚ್ಚು ಹತ್ತದಂತೆ ಎಣಿಸುವುದು. ಆಗ ಇಲ್ಲಿನ ಲಿಫ್ಟುಗಳಲ್ಲಿ ನಾಲ್ಕು ಮೂಲೆಗೆ ನಾಲ್ಕು ಜೊತೆ ಹೆಜ್ಜೆಗುರುತು ಅಂಟಿಸಿದ್ದರು; ಅದರ ಮೇಲೆ ಗೋಡೆಗೆ ಮುಖಮಾಡಿ, ಮೇಷ್ಟರು ಮೂಲೆಗೆ ನಿಲ್ಲಿಸಿದ ಮಕ್ಕಳ ಹಾಗೆ ದೊಡ್ಡ ದೊಡ್ಡ ಅಧಿಕಾರಿಗಳು ನಿಂತಿರುತ್ತಿದ್ದರು.

ಸವಿತಾ ಅವರು ಬರೆದು ಕಳಿಸಿದ್ದನ್ನು ಓದಿ, ಸರಿಯಿದೆ ಎನಿಸಿದರೆ ಮುಖ್ಯ ಪ್ರತಿಗೆ ಸೇರಿಸುವುದು ನನ್ನ ಜವಾಬ್ದಾರಿ. ಓದುವುದು ನಿಯಮ. ಬೆಳಗಿನ ಕಾಫಿ ಆರುವಷ್ಟರಲ್ಲಿ ಕಣ್ಣಾಡಿಸಿ ಸೇರಿಸಿಬಿಡುವುದು ರೂಢಿ.

ಇಲ್ಲಿ ಗಿಟ್ ಎಂಬ ಸಾಧನದ ಬಗ್ಗೆ ಎರಡು ಮಾತು ಹೇಳಬೇಕು. ಬರೆದ ಪ್ರೋಗ್ರಾಮಿನಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದರು ಎಂಬುದನ್ನೆಲ್ಲ ಅದು ದಿನಚರಿಯ ಹಾಗೆ ಬರೆದಿಟ್ಟುಕೊಳ್ಳುತ್ತದೆ. ಕೇಳಿದರೆ ಓದಿ ಹೇಳುತ್ತದೆ. ಆದರೆ ಹೇಳುವ ರೀತಿ ಮಾತ್ರ ನನಗೆ ಸಹಿಸಲಾಗದು. ಪ್ರತಿ ಬದಲಾವಣೆಗೂ ಮೊದಲು ನಲವತ್ತು ಅಕ್ಷರದ ಗುರುತುಸಂಖ್ಯೆ, ಆಮೇಲೆ ಹೆಸರು, ಇಮೇಲ್ ವಿಳಾಸ, ವಾರ, ತಿಂಗಳು, ತಾರೀಖು, ಗಂಟೆ, ನಿಮಿಷ, ಸೆಕೆಂಡು, ಗ್ರೀನಿಚ್ಚಿಗೂ ನಮಗೂ ಇರುವ ಅಂತರ, ಇಷ್ಟೆಲ್ಲ ಆದ ಮೇಲೆ ‘ಒಂದು ಕಾಮಾ ಸೇರಿಸಿದೆ’ ಎಂಬ ಸಮಾಚಾರ. ಮದುವೆಮನೆಯಲ್ಲಿ ಸಿಕ್ಕ ದೂರದ ಸಂಬಂಧಿಕರೊಬ್ಬರು ತಮ್ಮ ಮುತ್ತಜ್ಜನಿಂದ ಶುರುಮಾಡಿ ಪೂರಾ ವಂಶಾವಳಿ ಒಪ್ಪಿಸಿ, ಕೊನೆಯಲ್ಲಿ ಕೈತೊಳೆಯಲು ನೀರು ಎಲ್ಲಿದೆ ಎಂದು ಕೇಳಿದ ಹಾಗೆ.

ಇದಕ್ಕೊಂದು ಮದ್ದೂ ಇದೆ. ಹೀಗಲ್ಲ, ಹೀಗೆ ಹೇಳು ಎಂದು ಗಿಟ್‌ಗೆ ಒಂದು ನಮೂನೆ ಬರೆದುಕೊಡಬಹುದು, ಟೆಂಪ್ಲೇಟ್ ಎನ್ನುತ್ತಾರೆ. ಶೇಕಡಾ ಚಿಹ್ನೆ ಹಾಕಿ ಪಕ್ಕದಲ್ಲಿ ಒಂದೆರಡು ಅಕ್ಷರ ಬರೆದರೆ ಆ ಜಾಗದಲ್ಲಿ ಹೆಸರು ಬರುತ್ತದೆ, ಇನ್ನೊಂದು ಅಕ್ಷರಕ್ಕೆ ಸಮಯ ಬರುತ್ತದೆ, ಮತ್ತೊಂದಕ್ಕೆ ವಿಷಯ. ಬಣ್ಣವನ್ನೂ ಹೇಳಬಹುದು. ಇದೇನೂ ಕಂಪ್ಯೂಟರಿನವರು ಕಂಡುಹಿಡಿದ ವಿದ್ಯೆಯಲ್ಲ. ಪುರೋಹಿತರು ಸಂಕಲ್ಪ ಹೇಳಿಸುವಾಗ ಸಂವತ್ಸರ, ಮಾಸ, ತಿಥಿ, ಗೋತ್ರಗಳಿಗೆ ಜಾಗ ಬಿಟ್ಟ ಒಂದೇ ವಾಕ್ಯವನ್ನು ತಲೆತಲಾಂತರದಿಂದ ತುಂಬುತ್ತ ಬಂದಿದ್ದಾರೆ. ನಮ್ಮ ತಂದೆಯವರ ಕಾಲದ ಪತ್ರಗಳೆಲ್ಲ ‘ಉಭಯಕುಶಲೋಪರಿ ಸಾಂಪ್ರತ’ ಎಂದು ಶುರುವಾಗುತ್ತಿದ್ದವು. ಬರೆಯುವವನಿಗೆ ಜ್ವರ ಇರಲಿ, ಓದುವವನ ಮನೆಗೆ ಕಳ್ಳ ನುಗ್ಗಿರಲಿ, ಮೊದಲ ಸಾಲಿನಲ್ಲಿ ಇಬ್ಬರೂ ಕ್ಷೇಮ. ನಮೂನೆಯ ಗುಣವೇ ಅದು. ಒಳಗೆ ಏನು ತುಂಬಿದೆ ಎಂದು ಅದು ಕೇಳುವುದಿಲ್ಲ.

ಎಂ.ಸಿ.ಓ.ದ ಎರಡನೇ ವಾರ ನಾನು ಈ ಶೃಂಗಾರಕ್ಕೆ ಕೂತೆ. ಆಫೀಸಿನ ಮೇಜಿಲ್ಲ, ಇಸ್ತ್ರಿ ಮಾಡಿದ ಅಂಗಿಯನ್ನು ನೋಡುವವರಿಲ್ಲ. ಅಚ್ಚುಕಟ್ಟು ಮಾಡಲು ಉಳಿದಿದ್ದದ್ದು ಅದೊಂದೇ. ಮೊದಲು ಕನ್ನಡದಲ್ಲೇ ಇರಲಿ ಎಂದು ನನ್ನ ಹೆಸರನ್ನು ‘ಶ್ರೀಧರ’ ಎಂದು ಬರೆದೆ. ಕಪ್ಪು ಪರದೆಯ ಮೇಲೆ ಅದು ಬಿಡಿಬಿಡಿಯಾಗಿ, ಶ ಒಂದು ಕಡೆ, ಅದರ ಒತ್ತು ಇನ್ನೊಂದು ಕಡೆ, ದೀರ್ಘ ಎಲ್ಲೋ ಬಸ್ಸು ತಪ್ಪಿದ ಹಾಗೆ ದೂರದಲ್ಲಿ ನಿಂತಿತು. ವಸುಧಾ ಇಣುಕಿ ನೋಡಿ, ಇದು ನನ್ನ ವಿಷಯಕ್ಕೆ ಸೇರಿದ್ದು, ಮೂಳೆ ಮುರಿದಿದೆ ಎಂದಳು. ಹೀಗಾಗಿ ಇಂಗ್ಲಿಷಿಗೇ ಮರಳಿದೆ. ಗುರುತುಸಂಖ್ಯೆ ಹಳದಿ, ಸಮಯ ನೀಲಿ, ಹೆಸರು ಹಸಿರು, ವಿಷಯ ಬಿಳಿ. ಪ್ರತಿ ಬದಲಾವಣೆಗೆ ಒಂದೇ ಸಾಲು, ಎಲ್ಲ ಕಂಬಸಾಲಿನಂತೆ ನೇರ.

ಹೆಸರಿನ ಜಾಗಕ್ಕೆ ಎರಡು ಸಂಕೇತಗಳಿದ್ದವು. ಒಂದು ‘ಎ’ಯಿಂದ ಶುರುವಾಗುವುದು, ಇನ್ನೊಂದು ‘ಸಿ’ಯಿಂದ. ಎರಡನ್ನೂ ಹಾಕಿ ನೋಡಿದೆ; ಅಂದು ಪರದೆಯ ಮೇಲಿದ್ದ ಹತ್ತೂ ಬದಲಾವಣೆ ನನ್ನವೇ ಆದ್ದರಿಂದ ಎರಡೂ ನನ್ನ ಹೆಸರನ್ನೇ ತೋರಿಸಿದವು. ವಿವರಣೆ ಓದಬಹುದಿತ್ತು. ಓದಲಿಲ್ಲ. ಸಿ ಅಕ್ಷರಕ್ಕೆ ‘ಕ’ದ ಉಚ್ಚಾರವೂ ಇದೆಯಲ್ಲ, ಸಿ ಎಂದರೆ ಕರ್ತೃ ಎಂದುಕೊಂಡೆ. ಇಂಗ್ಲಿಷಿನ ಸಾಧನವೊಂದು ಕನ್ನಡದ ಕರ್ತೃವಿಗೆ ಅಕ್ಷರ ಮೀಸಲಿಟ್ಟಿರಲಾರದು ಎಂಬ ಸಣ್ಣ ಸಂಶಯವೂ ಬರಲಿಲ್ಲ. ಭಾಷಾಭಿಮಾನ ಎಂತೆಂಥ ಕಡೆ ಬಂದು ಕೂರುತ್ತದೆ ನೋಡಿ.

ಸೋಮವಾರದ ಮೀಟಿಂಗಿನಲ್ಲಿ ನನ್ನ ಪರದೆಯನ್ನು ಎಲ್ಲರಿಗೂ ಕಾಣುವ ಹಾಗೆ ತೆರೆದೆ. ಏನೋ ಬೇರೆ ತೋರಿಸುವವನ ಹಾಗೆ ನಟಿಸುತ್ತ ಈ ಬಣ್ಣದ ಪಟ್ಟಿಯನ್ನು ಅರ್ಧ ನಿಮಿಷ ಹಾಗೇ ಬಿಟ್ಟೆ. ಹೆನ್ರಿ ಮಾತು ನಿಲ್ಲಿಸಿ, ಇದು ಯಾವುದು, ಬಹಳ ಚೆನ್ನಾಗಿದೆ ಲಾ ಎಂದರು; ಆ ‘ಲಾ’ ಇಲ್ಲಿಯವರ ಮಾತಿಗೆಲ್ಲ ಇರುವ ಬಾಲ. ಪಾಪ, ಆಫೀಸಿನಲ್ಲಿ ಅಡ್ಡಗೋಡೆಗಳ ಮೇಲೆ ಕಾಣುವ ತಲೆಗಳನ್ನು ಎಣಿಸಿ ಸಮಾಧಾನಪಡುತ್ತಿದ್ದ ಮನುಷ್ಯ; ಎರಡು ವಾರದಿಂದ ತಲೆಗಳೇ ಇಲ್ಲದೆ ಕಂಗೆಟ್ಟಿದ್ದರು. ಯಾರು ಏನು ಮಾಡಿದರೆಂದು ಒಂದೇ ನೋಟಕ್ಕೆ ಕಾಣುವ ಈ ಪಟ್ಟಿ ಅವರಿಗೆ ಕನ್ನಡಕ ಸಿಕ್ಕಿದ ಹಾಗಾಯಿತು. ಇನ್ನು ಮೇಲೆ ಪ್ರತಿ ಸೋಮವಾರ ತೋರಿಸಬೇಕೆಂದು ಹೇಳಿದರು.

ತೋರಿಸಿದೆ. ಪಟ್ಟಿಯ ತುಂಬ ನನ್ನ ಹೆಸರು. ಹಸಿರು, ಹಸಿರು, ಹಸಿರು. ಒಂದು ವಾರಕ್ಕೆ ಮೂವತ್ತು ಸಾಲಿದ್ದರೆ ಇಪ್ಪತ್ತೊಂಬತ್ತರಲ್ಲಿ ಶ್ರೀಧರ.

ಇದನ್ನು ನೋಡಿ ನನಗೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳುತ್ತೀರಿ. ಆ ದಿನಗಳನ್ನು ನೆನಪಿಸಿಕೊಳ್ಳಿ. ನಿನ್ನೆ ಯಾವ ವಾರ ಎಂದು ಯಾರಿಗೆ ಗೊತ್ತಿರುತ್ತಿತ್ತು? ಬೆಳಿಗ್ಗೆ ಕೂತಲ್ಲೇ ಸಂಜೆಯಾಗುತ್ತಿತ್ತು. ಏನು ಮಾಡಿದೆನೆಂದು ನೆನಪಾಗುತ್ತಿರಲಿಲ್ಲ, ಏನೋ ಮಾಡಿರಬೇಕೆಂದು ಬೆನ್ನುನೋವು ಹೇಳುತ್ತಿತ್ತು. ಅಂಥ ಹೊತ್ತಿನಲ್ಲಿ ಇಪ್ಪತ್ತೊಂಬತ್ತು ಸಾಕ್ಷಿಗಳು ಸಾಲಾಗಿ ನಿಂತು ನೀನೇ ಮಾಡಿದ್ದು ಎಂದರೆ ಇಲ್ಲ ಎನ್ನಲು ನಾನು ಯಾರು? ನಂಬಿದೆ. ನಂಬಿದ ಮೇಲೆ ಅದಕ್ಕೆ ತಕ್ಕ ಆಯಾಸವೂ ಶುರುವಾಯಿತು. ಮಧ್ಯಾಹ್ನ ಊಟವಾದ ಮೇಲೆ ಪಾತ್ರೆ ತೊಳೆಯುವ ಪಾಳಿ ನನ್ನದು. ಇಷ್ಟು ಕೆಲಸ ಮಾಡುವ ಮನುಷ್ಯನಿಗೆ ಪಾತ್ರೆಯನ್ನೂ ಹೇಳುತ್ತಾರೆಯೇ ಎಂದು ಸೋಫಾದ ಮೇಲೆ ಕಾಲು ಚಾಚಿದೆ. ವಸುಧಾ ನನ್ನನ್ನೂ ಬುರುಡೆಯನ್ನೂ ಒಮ್ಮೆ ನೋಡಿ, ತಾನೇ ತೊಳೆದಳು. ಮಗಳು ಅನನ್ಯಾ ಮಾತ್ರ, ನಾವು ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಅಪ್ಪ ಇಡೀ ದಿನ ಮಾಡುವುದು ಬಣ್ಣ ಬದಲಾಯಿಸುವುದೊಂದೇ ಎಂದು ಸತ್ಯ ನುಡಿದಳು. ಮಕ್ಕಳ ಮಾತು ಎಂದು ಬಿಟ್ಟೆವು.

ಸವಿತಾ ಅವರ ಹೆಸರು ಪಟ್ಟಿಯಲ್ಲಿ ಬರದೆ ಇರುವುದನ್ನು ನಾನು ಗಮನಿಸಿರಲಿಲ್ಲವೆಂದಲ್ಲ. ಗಮನಿಸಿ, ಅದಕ್ಕೊಂದು ಉದಾರವಾದ ಕಾರಣವನ್ನೂ ಕೊಟ್ಟುಕೊಂಡಿದ್ದೆ. ಪಾಪ, ಚಿಕ್ಕ ಮಗು, ಗಂಡ ಗಡಿಯಾಚೆ, ಎಷ್ಟೆಂದು ಮಾಡುತ್ತಾರೆ? ಅವರ ಪಾಲಿನ ಭಾರವನ್ನೂ ನಾನೇ ಹೊತ್ತಿದ್ದೇನೆ, ಇರಲಿ. ಹೀಗೆ ಅಂದುಕೊಳ್ಳುವಾಗ ನನ್ನ ಔದಾರ್ಯಕ್ಕೆ ನನಗೇ ಸ್ವಲ್ಪ ಕಣ್ಣು ತೇವವಾಗುತ್ತಿತ್ತು. ಇತ್ತ ಅವರ ಸಂದೇಶಗಳು ದಿನದಿನಕ್ಕೆ ಗಿಡ್ಡವಾದವು. ಮೊದಲೆಲ್ಲ ‘ಕಳಸೇನ್ರಿ, ನೋಡ್ರಿ’ ಎಂದು ಬರೆಯುತ್ತಿದ್ದವರು ‘ಕಳಸೇನಿ’ ಎಂದು ಬರೆಯತೊಡಗಿದರು. ಹುಬ್ಬಳ್ಳಿಯವರು ‘ರಿ’ ಬಿಟ್ಟರೆಂದರೆ ಏನೋ ಆಗಿದೆ ಎಂದು ಮೈಸೂರಿನವನಾದ ನನಗೆ ಹೊಳೆಯಬೇಕಿತ್ತು. ಹೊಟ್ಟೆಕಿಚ್ಚಿರಬಹುದು ಎಂದುಕೊಂಡೆ.

ಎಂಟನೆಯ ವಾರವೋ ಒಂಬತ್ತನೆಯದೋ, ಒಂದು ಮಂಗಳವಾರ ಬೆಳಿಗ್ಗೆ ಹೆನ್ರಿ ನನ್ನೊಬ್ಬನನ್ನೇ ಕರೆದರು. ವಿಡಿಯೋದಲ್ಲಿ ಅವರ ಮುಖ ಬಾಡಿತ್ತು. ಕಂಪನಿ ಕಷ್ಟದಲ್ಲಿದೆ, ಪ್ರತಿ ತಂಡದಿಂದ ಒಬ್ಬೊಬ್ಬರನ್ನು ಬಿಡಬೇಕೆಂದು ಮೇಲಿನಿಂದ ಬಂದಿದೆ, ಶುಕ್ರವಾರದೊಳಗೆ ಹೆಸರು ಕೊಡಬೇಕು ಎಂದರು. ತಮಗೆ ಇದು ಇಷ್ಟವಿಲ್ಲ. ಆದರೆ ನನ್ನ ಸೋಮವಾರದ ಪಟ್ಟಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಸವಿತಾ ಮಾರ್ಚಿನಿಂದ ಈಚೆಗೆ ಮಾಡಿದ್ದು ಮೂರೇ ಸಾಲು ಎಂದು ಕಾಣುತ್ತದೆ. ನೀನು ಅವರ ಜತೆಗೇ ಕೆಲಸ ಮಾಡುವವನು, ನಿನಗೂ ಹಾಗೇ ಅನಿಸುತ್ತದೆಯೇ ಎಂದು ಕೇಳಿದರು.

ಇಲ್ಲಿ ನನ್ನ ಲೇಖನಿ ಸ್ವಲ್ಪ ತಡೆಯುತ್ತದೆ. ಸವಿತಾ ಅವರ ವೀಸಾ ಈ ಕೆಲಸಕ್ಕೆ ಕಟ್ಟುಬಿದ್ದದ್ದು. ಕೆಲಸ ಹೋದರೆ ಇಲ್ಲಿ ಇರುವಂತಿಲ್ಲ. ಗಂಡನ ಬಳಿಗೆ ಹೋಗೋಣವೆಂದರೆ ಗಡಿ ಮುಚ್ಚಿದೆ. ಊರಿಗೆ ಹೋಗೋಣವೆಂದರೆ ವಿಮಾನವಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ನಾನು ಪಟ್ಟಿಯನ್ನು ನೆನೆಸಿಕೊಂಡು, ಬೇಸರದ ಮುಖ ಮಾಡಿ, ಹೂಂ ಎಂದೆ.

ಹೆನ್ರಿ ನಿಟ್ಟುಸಿರು ಬಿಟ್ಟರು. ಗುರುವಾರ ಒಂದು ದೊಡ್ಡ ವಸತಿ ಸಮುಚ್ಚಯದವರು ನಾಲ್ಕು ಜನರ ಎಣಿಕೆಯ ಸೌಲಭ್ಯವನ್ನು ನೋಡಬೇಕೆಂದಿದ್ದಾರೆ, ಬರೆದವನು ನೀನೇ ಅಲ್ಲವೇ, ನೀನೇ ತೋರಿಸು ಎಂದು ಹೇಳಿ ಕರೆ ಮುಗಿಸಿದರು.

ಬುಧವಾರ ಬೆಳಿಗ್ಗೆ ನಾನು ಬರೆದ ಕೋಡನ್ನು ತೆರೆದು ಕೂತೆ. ಅರ್ಥವಾಗಲಿಲ್ಲ. ಹಳೆಯ ಕೋಡು ಮರೆತುಹೋಗುವುದು ನಮ್ಮಲ್ಲಿ ಸಾಮಾನ್ಯ. ಆದರೆ ಮೂರು ವಾರದ ಹಿಂದೆ ನಾನೇ ಬರೆದದ್ದು, ಅದರ ಒಂದು ಸಾಲೂ ಪರಿಚಯದ ಮುಖ ತೋರಿಸುತ್ತಿಲ್ಲ. ಇಲ್ಲಿನ ಚೀನೀಯರಿಗೆ ನಾಲ್ಕು ಅಶುಭವೆಂದು ಹದಿನಾಲ್ಕನೇ ಮಹಡಿಗೆ ಹದಿಮೂರು-ಎ ಎಂದು ಬರೆಯುತ್ತಾರೆ. ಅದನ್ನು ಎಷ್ಟು ಜಾಣತನದಿಂದ ನಿಭಾಯಿಸಿದ್ದೇನೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಹೇಗೆ ನಿಭಾಯಿಸಿದ್ದೇನೆ ಎಂಬುದು ಮಾತ್ರ ತಿಳಿಯಲಿಲ್ಲ. ಎರಡು ಗಂಟೆ ತಿಣುಕಿ, ಸವಿತಾ ಅವರಿಗೆ ಫೋನ್ ಮಾಡಿದೆ.

“ಸವಿತಾ, ಆ ಜನ ಎಣಿಸೋ ಕೋಡ್ ಇದೆಯಲ್ಲ, ಬಾಗಿಲು ಎರಡು ಸಲ ತೆಗೆದರೂ ಅದು ಒಂದೇ ಸಲ ಎಣಿಸುತ್ತೆ, ಯಾಕೆ ಅಂತ ಮರೆತೇ ಹೋಗಿದೆ ನನಗೆ.”

ಫೋನಿನ ಆ ಕಡೆ, ಹಿಂದೆ ಅವರ ಮಗಳು ಮಲಯ್ ಪದ್ಯವೊಂದನ್ನು ಬಾಯಿಪಾಠ ಮಾಡುತ್ತಿದ್ದದ್ದು ಕೇಳಿಸಿತು.

“ಮರೀಲಿಕ್ಕೆ ಮೊದಲ ಗೊತ್ತಿರಬೇಕಲ್ಲ, ಶ್ರೀಧರ್.”

“ಅಂದ್ರೆ?”

“ಅದನ್ನ ಬರದಾಕಿ ನಾನು. ಎರಡೂವರಿ ವಾರ ಕೂತು ಬರದೀನಿ. ನಮ್ಮ ಬಿಲ್ಡಿಂಗಿನ ಲಿಫ್ಟಿನ್ಯಾಗ ಮಗಳನ್ನ ನಿಂದ್ರಿಸಿಕೊಂಡು ಮ್ಯಾಲೆ ಕೆಳಗ ಓಡ್ಯಾಡಿ ಬಾಗಿಲ ಎಣಿಸೀನಿ. ಗಾರ್ಡ್ ಬಂದು ಮನೀಗೆ ಹೋಗ್ರಿ ಅಂತ ಬೈದ. ನೀವು ಅದರ ಮ್ಯಾಲ ನಿಮ್ಮ ಹೆಸರು ಹಾಕಿ ಸೋಮವಾರಕ್ಕೊಮ್ಮೆ ತೋರಸ್ತೀರಿ, ನಾನೂ ಎಲ್ಲಾರ ಜೋಡಿ ಕುಂತು ನೋಡ್ತೀನಿ.”

ನಾನು ಹಾಕಿಲ್ಲ, ಗಿಟ್ ತಾನೇ ಹಾಗೆ ತೋರಿಸುತ್ತಿದೆ ಎಂದೆ. ಗಿಟ್ ತಮಗೆ ಬೇರೇನೇ ತೋರಿಸುತ್ತದೆ ಎಂದರು. ನಿಮ್ಮ ಬಣ್ಣಗಿಣ್ಣ ಎಲ್ಲ ತೆಗೆದು ಬರೀ ಹಾಗೇ ಕೇಳಿ ನೋಡ್ರಿ ಎಂದು ಹೇಳಿ ಫೋನಿಟ್ಟರು. ಆ ‘ನೋಡ್ರಿ’ಯಲ್ಲಿದ್ದ ‘ರಿ’ ಗೌರವದ್ದಾಗಿರಲಿಲ್ಲ.

ನಮೂನೆಯನ್ನು ತೆಗೆದು, ನಾನು ಹೀಯಾಳಿಸಿದ ಆ ಹಳೆಯ ವಂಶಾವಳಿಯ ಶೈಲಿಯಲ್ಲೇ ಕೇಳಿದೆ. ಗಿಟ್ ಸಾವಧಾನವಾಗಿ ಹೇಳಿತು. ನಲವತ್ತು ಅಕ್ಷರದ ಗುರುತುಸಂಖ್ಯೆ. ಬರೆದವರು: ಸವಿತಾ. ಮತ್ತೆ ನಲವತ್ತು ಅಕ್ಷರ. ಬರೆದವರು: ಸವಿತಾ. ಪುಟದ ಮೇಲೆ ಪುಟ ಸವಿತಾ. ಆಗ, ಆರು ವಾರ ತಡವಾಗಿ, ವಿವರಣೆಯನ್ನು ತೆಗೆದು ಓದಿದೆ. ಪ್ರತಿ ಬದಲಾವಣೆಗೂ ಗಿಟ್ ಎರಡು ಹೆಸರು ಇಟ್ಟುಕೊಳ್ಳುತ್ತದೆ. ಒಂದು ಅದನ್ನು ಬರೆದವರದು, ಅದಕ್ಕೆ ಆಥರ್ ಎಂಬುದರ ‘ಎ’. ಇನ್ನೊಂದು ಅದನ್ನು ತಂದು ಮುಖ್ಯ ಪ್ರತಿಗೆ ಸೇರಿಸಿದವರದು, ಅದಕ್ಕೆ ಕಮಿಟರ್ ಎಂಬುದರ ‘ಸಿ’.

ನಮ್ಮ ಹಳೆಯ ಶಾಸನಗಳ ಕೊನೆಯಲ್ಲಿ ಶಾಸನವನ್ನು ರಚಿಸಿದ ಕವಿಯ ಹೆಸರೂ ಅದನ್ನು ಕಲ್ಲಿನಲ್ಲಿ ಕಂಡರಿಸಿದವನ ಹೆಸರೂ ಬೇರೆಬೇರೆಯಾಗಿ ಇರುವುದುಂಟು. ಕಾಲೇಜಿನಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಕೂಡ ಗಳಿಸಿದ್ದೆ. ಎಂಟುನೂರು ವರ್ಷದ ಹಿಂದಿನ ಕಲ್ಲುಕುಟಿಗನಿಗೆ ಗೊತ್ತಿದ್ದ ವ್ಯತ್ಯಾಸ ನನಗೆ ಗೊತ್ತಾಗಲಿಲ್ಲ. ಆದರೂ ಆ ಕಲ್ಲುಕುಟಿಗ ತಾನು ಕೆತ್ತಿದ ಪ್ರತಿ ಅಕ್ಷರವನ್ನೂ ಕಣ್ಣಿಟ್ಟು ನೋಡಿರಲೇಬೇಕು. ಅವನ ಪಕ್ಕದಲ್ಲಿ ನಿಲ್ಲಲೂ ನಾನು ಯೋಗ್ಯನಲ್ಲ.

‘ಸಿ’ಯನ್ನು ಅಳಿಸಿ ‘ಎ’ ಹಾಕಿದೆ. ಪರದೆಯ ಮೇಲೆ ಹಸಿರೆಲ್ಲ ಒಮ್ಮೆಲೇ ಸವಿತಾ ಅವರದಾಯಿತು. ಆರು ವಾರಗಳಲ್ಲಿ ನನ್ನದೆಂದು ಉಳಿದ ಸಾಲು ಹನ್ನೊಂದು. ಅವುಗಳಲ್ಲಿ ನಾಲ್ಕು ಕಾಗುಣಿತ ತಿದ್ದಿದ್ದು, ಒಂದು ಹೆಚ್ಚಿನ ಖಾಲಿ ಜಾಗ ತೆಗೆದದ್ದು, ಇನ್ನೊಂದು ಆ ಖಾಲಿ ಜಾಗವನ್ನು ಮರಳಿ ಹಾಕಿದ್ದು.

ಈಗ ನಾನು ಮಾಡಿದ್ದನ್ನು ಕೇಳಿ. ಹೆನ್ರಿಗೆ ಒಂದು ಇಮೇಲ್ ಬರೆದೆ. ಸೋಮವಾರದ ಪಟ್ಟಿಯಲ್ಲಿ ಪ್ರದರ್ಶನಕ್ಕೆ ಸಂಬಂಧಿಸಿದ ಒಂದು ಸಣ್ಣ ತಾಂತ್ರಿಕ ತೊಡಕು ಕಂಡುಬಂದಿದ್ದು ಅದನ್ನು ಸರಿಪಡಿಸಲಾಗಿದೆ ಎಂಬ ಒಕ್ಕಣೆ. ‘ಸರಿಪಡಿಸಲಾಗಿದೆ’ ಎಂಬ ಪದ ನನಗೆ ಬಹಳ ಹಿಡಿಸಿತು. ಅದರೊಳಗೆ ಯಾರೂ ಇರುವುದಿಲ್ಲ. ಕಳಿಸುವ ಮುಂಚೆ ವಸುಧಾಳಿಗೆ ಓದಿ ಹೇಳಿದೆ, ನಡೆದದ್ದನ್ನೂ ಹೇಳಿದೆ, ಹೂಂ ಎಂದದ್ದನ್ನೂ.

ಅವಳು ಬುರುಡೆಯನ್ನು ಡಬ್ಬದೊಳಗೆ ಇಡುತ್ತಿದ್ದವಳು ಕೈ ನಿಲ್ಲಿಸಿದಳು. “ನೀವು ಹೂಂ ಹೇಳಿದ್ದು ಬಾಯಲ್ಲಿ ಅಲ್ವಾ ಮಾರಾಯ್ರೆ. ಇಲ್ಲ ಅಂತಲೂ ಬಾಯಲ್ಲೇ ಹೇಳಿ.”

ಇಮೇಲನ್ನು ಅಳಿಸಿ ಹೆನ್ರಿಗೆ ಕರೆ ಮಾಡಿದೆ. ವಿಡಿಯೋ ಆಫ್ ಮಾಡಬೇಕೆನಿಸಿತು, ಮಾಡಲಿಲ್ಲ. ಇದ್ದದ್ದನ್ನೆಲ್ಲ ಹೇಳಿದೆ: ತಪ್ಪು ಅಕ್ಷರ ನನ್ನದು, ಎಣಿಕೆಯ ಕೋಡು ಸವಿತಾ ಅವರದು, ನಾನು ಹೇಳಿದ ಹೂಂ ಸುಳ್ಳು. ಹೊಸ ಪಟ್ಟಿಯನ್ನು ತೋರಿಸಿದೆ. ಹೆನ್ರಿ ಅದನ್ನು ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ ನೋಡಿದರು. ಆಮೇಲೆ ತುಂಬ ಮೆಲ್ಲಗೆ, “ಹಾಗಾದರೆ ಶ್ರೀ, ಈ ಪಟ್ಟಿಯ ಪ್ರಕಾರ ಶುಕ್ರವಾರ ನಾನು ಬರೆಯಬೇಕಾದ ಹೆಸರು ನಿನ್ನದು ಲಾ” ಎಂದರು.

ಇಷ್ಟು ಹೊತ್ತು ಪ್ರಾಮಾಣಿಕತೆಯ ಉತ್ಸಾಹದಲ್ಲಿ ಈ ಕಡೆಗೆ ನನ್ನ ಗಮನವೇ ಹೋಗಿರಲಿಲ್ಲ. ನಮ್ಮ ವೀಸಾ ವಸುಧಾಳ ಕೆಲಸದ ಮೇಲೂ ನಿಂತಿತ್ತು, ಆದರೂ ನನ್ನ ಕೆಲಸ ನನಗೆ ಬೇಕಿತ್ತು. ತಕ್ಷಣ ನಾನು ಅದ್ಭುತವಾಗಿ ವಾದಿಸತೊಡಗಿದೆ. ಸಾಲುಗಳನ್ನು ಎಣಿಸಿ ಮನುಷ್ಯನ ಕೆಲಸವನ್ನು ಅಳೆಯುವುದು ಎಷ್ಟು ಒರಟು ವಿಧಾನ, ಒಂದು ಸಾಲಿನ ಹಿಂದೆ ಒಂದು ವಾರದ ಯೋಚನೆ ಇರಬಹುದು, ಇಪ್ಪತ್ತು ಸಾಲಿನ ಹಿಂದೆ ಏನೂ ಇಲ್ಲದೆ ಇರಬಹುದು, ಓದುವುದು, ಸೇರಿಸುವುದು, ಗಿರಾಕಿಗಳ ದೂರಿಗೆ ಉತ್ತರಿಸುವುದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಒಂದೊಂದು ಮಾತೂ ನಿಜ. ಆರು ವಾರ ಪಟ್ಟಿಯ ತುದಿಯಲ್ಲಿ ಕೂತಿದ್ದಾಗ ಇವುಗಳಲ್ಲಿ ಒಂದೂ ನನಗೆ ಹೊಳೆದಿರಲಿಲ್ಲ.

ಹೆನ್ರಿ ಪೂರ್ತಿ ಕೇಳಿಸಿಕೊಂಡರು. ಇದನ್ನೇ ಮಂಗಳವಾರ ಅವಳ ಪರವಾಗಿ ಹೇಳಬಹುದಿತ್ತಲ್ಲ ಎಂದಷ್ಟೇ ಹೇಳಿದರು.

ಗುರುವಾರ ಗಿರಾಕಿಗಳಿಗೆ ಸವಿತಾ ಅವರೇ ತೋರಿಸಿದರು. ಕಡಿಮೆ ಮಾತಿನ ಹೆಂಗಸು ತಾನು ಬರೆದದ್ದರ ಬಗ್ಗೆ ಮುಕ್ಕಾಲು ಗಂಟೆ ನಿಲ್ಲಿಸದೆ ಮಾತಾಡಿದ್ದನ್ನು ಅಂದೇ ನಾನು ಕೇಳಿದ್ದು. ಆ ಸಮುಚ್ಚಯದವರು ಒಪ್ಪಿದರು, ಅವರನ್ನು ನೋಡಿ ಇನ್ನೂ ಇಬ್ಬರು ಬಂದರು. ಹೆನ್ರಿ ಅದನ್ನು ಹಿಡಿದುಕೊಂಡು ಮೇಲಿನವರ ಜತೆ ಜಗಳವಾಡಿ, ಎಲ್ಲರ ಸಂಬಳಕ್ಕೂ ಸ್ವಲ್ಪ ಸ್ವಲ್ಪ ಕತ್ತರಿ ಹಾಕಿಸಿ, ಯಾರನ್ನೂ ಬಿಡದ ಹಾಗೆ ನೋಡಿಕೊಂಡರು. ಸೋಮವಾರದ ಪಟ್ಟಿ ನಿಂತಿತು. ಅದರ ಬದಲು ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳುವ ಪದ್ಧತಿ ಶುರುಮಾಡಿದರು. ನಾನು ನನ್ನ ಪಾಳಿಯ ಪಾತ್ರೆಗಳಿಗೆ ಹಿಂದಿರುಗಿದೆ, ಬಾಕಿ ಉಳಿದ ಆರು ವಾರದ್ದನ್ನೂ ಸೇರಿಸಿ.

ಆದರೆ ಸವಿತಾ ಅವರಿಗೆ ನಾನು ಹೇಳಿದ್ದು ಅಕ್ಷರದ ತಪ್ಪನ್ನು ಮಾತ್ರ. ಹೂಂ ಎಂದದ್ದನ್ನು ಹೇಳಿರಲಿಲ್ಲ. ಹೋಟೆಲುಗಳಲ್ಲಿ ಕೂತು ತಿನ್ನಬಹುದೆಂದು ಆದ ಮೇಲೆ ಒಂದು ಮಧ್ಯಾಹ್ನ ಅವರನ್ನು ಸೈಬರ್‌ಜಯಾದ ಮಾಮಕ್ ಅಂಗಡಿಗೆ, ತಮಿಳು ಮುಸ್ಲಿಮರು ನಡೆಸುವ ಹೋಟೆಲಿಗೆ, ಕರೆದೆ. ಎಷ್ಟೋ ತಿಂಗಳು ಬರೀ ತಪಾವ್, ಅಂದರೆ ಕಟ್ಟಿಸಿಕೊಂಡು ಹೋಗುವುದೇ ಆಗಿದ್ದರಿಂದ ಸ್ಟೀಲ್ ತಟ್ಟೆಯೇ ಒಂದು ಸಂಭ್ರಮ. ಬಾಗಿಲಲ್ಲಿ ಒಂದು ಪುಸ್ತಕ. ಬಂದವರೆಲ್ಲ ಹೆಸರು, ಫೋನು, ಮೈಯ ಬಿಸಿ ಬರೆದು ಒಳಗೆ ಹೋಗಬೇಕು. ಮೇಜಿಗೆ ಇಬ್ಬರೇ. ರೊಟ್ಟಿ, ದಾಲ್ ಬಂದವು. ನಾನು ತಟ್ಟೆ ಮುಟ್ಟದೆ ಹೇಳಿದೆ: ಹೆನ್ರಿ ನಿಮ್ಮ ಹೆಸರು ಹೇಳಿ ಕೇಳಿದಾಗ ನಾನು ಹೂಂ ಅಂದಿದ್ದೆ.

ಸವಿತಾ ರೊಟ್ಟಿಯನ್ನು ಚೂರುಚೂರು ಮಾಡುತ್ತಲೇ ಇದ್ದರು. ತಿನ್ನಲಿಲ್ಲ.

“ಅಕ್ಷರದ ತಪ್ಪು ಯಾರಿಗರೆ ಆಗ್ತದ,” ಎಂದರು ಕೊನೆಗೆ. “ಆರು ವರ್ಷ ನಿಮ್ಮ ಬಾಜೂ ಕುಂತು ಕೆಲಸ ಮಾಡೀನಿ ನಾನು. ನಿಮಗ ಪಟ್ಟಿ ಯಾಕ ಬೇಕಾತು?”

ತಪ್ಪಾಯಿತು ಎಂದೆ. ಅವರು ತಲೆಯಾಡಿಸಿದರು, ಕ್ಷಮಿಸಿದ್ದೋ, ಕೇಳಿಸಿತು ಎಂದದ್ದೋ ತಿಳಿಯಲಿಲ್ಲ. ಆಮೇಲೆ ನನ್ನ ದಾಲ್ ಬಟ್ಟಲನ್ನು ನನ್ನ ಕಡೆಗೆ ಸರಿಸಿ, ಆರತದ, ತಿನ್ರಿ ಎಂದರು. ಆ ‘ರಿ’ ಕೇಳಿ ನನಗೆ ಎಷ್ಟು ಹಗುರವಾಯಿತೆಂದರೆ ಮೂರು ರೊಟ್ಟಿ ತಿಂದೆ.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಆ ದೊಡ್ಡ ಸಮುಚ್ಚಯದ ಮೇಲ್ವಿಚಾರಕರು. ಎಣಿಕೆಯ ಕರ್ತೃ ಯಾರೆಂದು ಈಗ ಎಲ್ಲರಿಗೂ ಗೊತ್ತಾಗಿದ್ದರಿಂದ ದೂರುಗಳೂ ನೇರ ಅವರಿಗೇ ಬರುತ್ತಿದ್ದವು. ಆ ವಾರ ಇದು ಐದನೆಯದಂತೆ. ಎರಡನೇ ಲಿಫ್ಟು ತನ್ನೊಳಗೆ ಮೈನಸ್ ಒಬ್ಬರು ಇದ್ದಾರೆ ಎಂದು ತೋರಿಸುತ್ತಿದೆ, ನಿವಾಸಿಗಳು ಹೆದರಿಕೊಂಡು ಮೆಟ್ಟಿಲು ಹತ್ತುತ್ತಿದ್ದಾರೆ, ಇದಕ್ಕೆ ಯಾರು ಹೊಣೆ ಎಂದು ಆ ಮನುಷ್ಯ ಕೂಗುತ್ತಿದ್ದದ್ದು ಮೇಜಿನ ಈ ಕಡೆಗೂ ಕೇಳಿಸುತ್ತಿತ್ತು. ಸವಿತಾ ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನ ಕಡೆ ಬಾಗಿದರು.

“ಶ್ರೀಧರ್, ಒಂದು ನಾಕು ದಿನ ಆ ಸಿ ಅಕ್ಷರಾನ ಹೊಳ್ಳಿ ಹಾಕ್ತೀರೇನ್ರಿ?”

ನಾನು ಕೈ ಒರೆಸಿಕೊಂಡು ಫೋನು ತೆಗೆದುಕೊಂಡೆ. ಅದನ್ನು ಓದಿ ಸೇರಿಸಿದವನು ನಾನು, ಸರಿಯಾಗಿ ಓದಿರಲಿಲ್ಲ, ಸಂಜೆಯೊಳಗೆ ಸರಿಮಾಡುತ್ತೇನೆ ಎಂದು ನನ್ನ ಹೆಸರು ಹೇಳಿದೆ. ಆತ ಸ್ವಲ್ಪ ತಣ್ಣಗಾಗಿ, ಅದೆಲ್ಲ ಸರಿ, ಆದರೆ ಲಿಫ್ಟಿನಲ್ಲಿ ಸೊನ್ನೆಗಿಂತಲೂ ಕಡಿಮೆ ಮನುಷ್ಯ ಒಬ್ಬ ಇರುವುದಾದರೂ ಹೇಗೆ ಎಂದು ಕೇಳಿದ. ಅದು ಹೇಗೆಂದು ವಿವರಿಸಲು ಆ ದಿನ ಇಡೀ ಮಲೇಷ್ಯಾದಲ್ಲಿ ನನಗಿಂತ ತಕ್ಕವರು ಯಾರೂ ಇರಲಿಲ್ಲ.